ಹಾಟ್‌ಬಾಕ್ಸಿನೊಳಗಿನ ತಂಡ

"ಇದರೊಳಗೆ ನಾಲ್ಕು ಜನ ಇದಾರೆ," ಎನ್ನುತ್ತಾ ಜವರಪ್ಪ ಮಾವ ಸ್ಟೀಲಿನ ಹಾಟ್‌ಬಾಕ್ಸನ್ನು ಊಟದ ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲೆ ಕಾಲಿಂಗ್ ಬೆಲ್ಲಿನ ನಾಲ್ಕು ಸ್ಪೀಕರ್ ಕೂರಿಸಿದ್ದರು. ಒಳಗಿಂದ ಇನ್ನೂ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು.

"ಅದು ನನ್ನ ಹಾಟ್‌ಬಾಕ್ಸು," ಎಂದಳು ಅಮ್ಮ.

"ಆಗಿತ್ತು ಕಣಕ್ಕ. ಈಗ ವಿಜ್ಞಾನದ್ದು."

ಮಾವ ಅಮ್ಮನ ತಮ್ಮ. ಮೈಸೂರಿನಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರೆ, ಬಿಡುವಾದಾಗ ಏನಾದರೊಂದು ಯಂತ್ರ ಕಟ್ಟುತ್ತಾರೆ. ಈ ಸಲದ ಯಂತ್ರ ನನ್ನ ಅಕ್ಕ ನೇತ್ರಾಳಿಗಾಗಿ. ಅವಳು ಒಂದು ವಿಮಾ ಕಚೇರಿಯಲ್ಲಿ ಗುತ್ತಿಗೆ ಮೇಲಿದ್ದಾಳೆ. ದಿನಾ ಸಣ್ಣ ಸಭೆ ಸೇರಿ ತಂಡದವರೇ ಕೆಲಸ ಹಂಚಿಕೊಳ್ಳುವ ಅಜೈಲ್ ಎಂಬ ಪದ್ಧತಿಯಲ್ಲಿ ತಂಡ ನಡೆಸುವ ಪರೀಕ್ಷೆ ಪಾಸಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಈ ತಿಂಗಳಿಗೇ ಮನೆಗೆ. ಪರೀಕ್ಷಕರ ಎದುರು ಒಂದು ಸಭೆ ನಡೆಸಿ ತೋರಿಸಬೇಕು. ತಂಡದವರು ನಿಂತುಕೊಂಡೇ ಮೂರು ವಿಷಯ ಹೇಳಬೇಕು: ನಿನ್ನೆ ಮಾಡಿದ್ದು, ಇವತ್ತು ಮಾಡುವುದು, ಇರುವ ಅಡ್ಡಿ. ನಡೆಸುವವರು ಕೇಳಬೇಕು, ಅಪ್ಪಣೆ ಕೊಡಬಾರದು. ಅಕ್ಕನಿಗೆ ಅಪ್ಪಣೆ ಕೊಡುವುದು ಬಿಟ್ಟು ಬೇರೇನೂ ಬರುವುದಿಲ್ಲ. ಒಮ್ಮೆ ಫೇಲಾಗಿದ್ದಳು. ಅಭ್ಯಾಸಕ್ಕೆ ತಂಡವಿಲ್ಲ ಎಂದು ಗೋಳಾಡಿದ್ದಕ್ಕೆ ಮಾವ ತಂಡವನ್ನೇ ತಯಾರಿಸಿದ್ದರು.

"ದನಿ ಯಾರದು ಮಾವ?" ಎಂದು ಕೇಳಿದೆ.

"ನಮ್ಮವೇ. ಚಿಕ್ಕಮ್ಮನ ಮಗಳ ಮದುವೆಗೆ ಬಸ್ಸು ಗೊತ್ತು ಮಾಡುವಾಗ ಜಗಳ ಆಡಿದ್ವಲ್ಲ, ಅದನ್ನ ರೆಕಾರ್ಡ್ ಮಾಡಿದ್ದೆ. ನಿಮ್ಮಮ್ಮಂದು, ನಂದು, ನಿಂದು, ನೇತ್ರಂದು."

"ನಂದೂ ಯಾಕೆ ಹಾಕಿದ್ರಿ? ನಾನು ನಡೆಸೋಳು," ಎಂದಳು ಅಕ್ಕ.

"ನಾಲ್ಕು ಸ್ಪೀಕರ್ ಇತ್ತಲ್ಲವ್ವ."

ಅಕ್ಕ ಗುಂಡಿ ಒತ್ತಿದಳು. "ನಿನ್ನೆ ಏನು ಮಾಡಿದಿರಿ?"

ಹಾಟ್‌ಬಾಕ್ಸು ನನ್ನ ದನಿಯಲ್ಲಿ ಹೇಳಿತು: "ಟೈಪಿಂಗ್ ಕ್ಲಾಸು ಅಂತ ಹೇಳಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಲಗಿದ್ದೆ."

ಅಮ್ಮ ನನ್ನ ಕಡೆ ತಿರುಗಿದಳು. "ಯಂತ್ರ ಸುಳ್ಳು ಹೇಳ್ತಿದೆ," ಎಂದೆ. ಅದು ಸುಳ್ಳು ಹೇಳುತ್ತಿರಲಿಲ್ಲ.

"ನಾನು ಹಾಕಿದ್ದು ಬರೀ ಬಸ್ಸಿನ ಜಗಳ," ಎಂದು ಮಾವ ಗೊಣಗಿದರು.

ಅಷ್ಟರಲ್ಲಿ ಅಮ್ಮನ ದನಿ ಬಂತು: "ಇವತ್ತು ಸಾರು ಚೆಲ್ತೀನಿ." ಅಮ್ಮ ನಕ್ಕಳು. ಮಧ್ಯಾಹ್ನ ಸಾರಿನ ಪಾತ್ರೆ ಅವಳ ಕೈಯಿಂದ ಜಾರಿತು. ಆಗ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಅಡ್ಡಿಗಳನ್ನು ಕೇಳಿದಳು. "ಪಕ್ಕದ ಮನೆ ನಾಯಿ ಬೊಗಳೋದು," ಎಂದಿತು ಒಳಗಿನ ಅಮ್ಮನ ದನಿ. "ಸರಿ, ತೆಗೆಯೋಣ," ಎಂದವು ನನ್ನ ದನಿ ಮತ್ತು ಮಾವನ ದನಿ. ನಾನು ಕಿಟಕಿಯಿಂದ ನೋಡಿದೆ. ನಾಯಿ ಗೇಟಿನ ಬಳಿ ನಿಂತು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿರಲಿಲ್ಲ. ಆಮೇಲೆ ತಾನೇ ಹೆದರಿ ಕಾರಿನ ಕೆಳಗೆ ಸೇರಿಕೊಂಡಿತು.

"ಆಫ್ ಮಾಡೋ ಜವರ," ಎಂದಳು ಅಮ್ಮ.

"ಬ್ಯಾಟರಿ ನಿನ್ನೇನೇ ತೆಗೆದೆ ಕಣಕ್ಕ."

ಅಕ್ಕ ಬಿಡಲಿಲ್ಲ. "ಪರೀಕ್ಷೆ ನಾಳೆ ಇದೆ. ಇನ್ನೂ ಅಪ್ಪಣೆ ಕೊಡ್ತಾನೇ ಇದೀನಿ. ನೀವೆಲ್ಲ ಸುಮ್ನೆ ಕೂತ್ಕೊಳ್ಳಿ!" ಹಾಗೆಂದು ಮತ್ತೆ ಮೇಜಿನ ಮುಂದೆ ನಿಂತು ಅಡ್ಡಿ ಏನೆಂದು ಕೇಳಿದಳು.

ಅಲ್ಲಿಯವರೆಗೂ ಸುಮ್ಮನಿದ್ದ ನಾಲ್ಕನೆಯ ಸ್ಪೀಕರ್ ಅಕ್ಕನ ದನಿಯಲ್ಲೇ ನಿಧಾನವಾಗಿ ಮಾತಾಡಿತು. "ನಿನ್ನೆ ಒಳಗೇ ಇದ್ದೆ. ಇವತ್ತೂ ಇರ್ತೀನಿ. ನನಗೆ ಅಡ್ಡಿ ಅಂದ್ರೆ, ಹೊರಗೆ ನನ್ನ ದನಿ ಇಟ್ಕೊಂಡು ಪ್ರಶ್ನೆ ಕೇಳ್ತಾಳಲ್ಲ, ಅವಳು."

"ಸರಿ, ತೆಗೆಯೋಣ," ಎಂದಿತು ನನ್ನ ದನಿ. ನಾನು ಬಾಯಿ ತೆರೆದಿರಲಿಲ್ಲ.

ಅಕ್ಕ ಬಾಯಿ ತೆರೆದಳು. ಏನೂ ಕೇಳಿಸಲಿಲ್ಲ.

ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಅಲ್ಲಿ ಅಕ್ಕನಿಗೆ ಕೊಟ್ಟ ತಂಡದ ಐದು ಜನ, ಕಡತ ಯಾರಿಂದ ತಡವಾಯಿತೆಂದು ಕಿತ್ತಾಡುತ್ತಿದ್ದರು. ಅಕ್ಕ ಒಬ್ಬೊಬ್ಬರ ಮುಖ ನೋಡಿ ತುಟಿ ಅಲ್ಲಾಡಿಸಿದಳು. ಸದ್ದಿಲ್ಲದ ಆ ಬಾಯಿಯನ್ನು ನೋಡಿ ಅವರ ಜಗಳ ತಣ್ಣಗಾಯಿತು. ಒಬ್ಬ ಬೆವರು ಒರೆಸಿಕೊಂಡು, "ತಡ ಮಾಡಿದ್ದು ನಾನೇ ಮೇಡಂ," ಎಂದ. ಉಳಿದವರು ಅವಳ ಕಡೆ ನೋಡದೆ ತಮ್ಮ ತಮ್ಮಲ್ಲೇ ಕೆಲಸ ಹಂಚಿಕೊಂಡರು.

"ಒಂದೂ ಅಪ್ಪಣೆ ಕೊಡದೆ ಸಭೆ ನಡೆಸಿದವರನ್ನ ಇದೇ ಮೊದಲು ನೋಡ್ತಿರೋದು," ಎಂದು ಪರೀಕ್ಷಕರು ಎದ್ದು ನಿಂತರು. ಅಕ್ಕ ಪಾಸಾದಳು. ಗುತ್ತಿಗೆ ಹೋಗಿ ಪ್ರೊಬೇಷನ್ ಮೇಲೆ ಕೆಲಸ ಸಿಕ್ಕಿತು.

ಮನೆಗೆ ಬಂದರೆ ಹಾಟ್‌ಬಾಕ್ಸು ಅಕ್ಕನ ದನಿಯಲ್ಲಿ ಅಮ್ಮನಿಗೆ ಅಡುಗೆಯ ಅಪ್ಪಣೆ ಕೊಡುತ್ತಿತ್ತು. ಮಾವ ಸ್ಕ್ರೂಡ್ರೈವರ್ ಹಿಡಿದು ಕಾದಿದ್ದರು. "ದಾರಿ ಸಿಕ್ತು ನೇತ್ರಾ. ಈ ವೈರು ಕಿತ್ತರೆ ನಿನ್ನ ದನಿ ನಿನಗೆ ಬರುತ್ತೆ."

ಅಕ್ಕ ಅವರ ಕೈ ಹಿಡಿದುಕೊಂಡಳು. ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದಳು: "ಪ್ರೊಬೇಷನ್ ಮುಗೀಲಿ."

ಪ್ರೊಬೇಷನ್ ಎರಡು ವರ್ಷ.