ಅಜ್ಜಿ ರಜಾ ಮೇಲಿದ್ದಾರೆ

ನಮ್ಮತ್ತೆ ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. ಯಾವ ಆಫೀಸು, ಯಾವ ಇಲಾಖೆ ಅಂತೀರಾ? ಅವರು ಯಾವ ಆಫೀಸಿಗೂ ಹೋದವರಲ್ಲ. ಅವರು ಬಿಟ್ಟದ್ದು ನಮ್ಮ ಮನೆಯ ಅಜ್ಜಿ ಕೆಲಸವನ್ನು!

ಅವತ್ತು ದಸರಾ ರಜೆಯ ಪ್ರವಾಸಕ್ಕೆ ನಾನು ಬಟ್ಟೆ ಜೋಡಿಸುತ್ತಿದ್ದೆ. ನಾಡಿನವರೆಲ್ಲ ಮೈಸೂರಿಗೆ ಬಂದು ಸೇರುವ ಹೊತ್ತಿಗೆ ಮೈಸೂರಿನವರಾದ ನಾವು ಎಲ್ಲಿಗಾದರೂ ಓಡಿಹೋಗುವುದು ವಾಡಿಕೆ. ಈ ಸಲ ಹಾಸನದ ಕಡೆಗೆ. ನಾನು, ನಮ್ಮೆಜಮಾನರು, ಎರಡೂವರೆ ವರ್ಷದ ಮಗಳು ಚಿನ್ನಿ, ಮತ್ತೆ ನಮ್ಮತ್ತೆ, ಇಷ್ಟೇ ಜನ. ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ನಿಂಗೆ ಸ್ಕೂಲ್ ರಜ. ನನ್ ಮಗನ್ಗೆ ಆಪೀಸ್ ರಜ. ನಂಗೆ?"

"ನಿಮಗೂ ರಜಾನೇ ಅಲ್ವಾ ಅತ್ತೆ?"

"ಅಂಗಾದ್ರೆ ಸರಿ. ವಾಪಸ್ ಬರೋಗಂಟ ನಾನು ಮಗೀನ ನೋಡ್ಕಳಲ್ಲ. ಮುದ್ದು ಮಾಡ್ತೀನಿ. ನೋಡ್ಕಳಲ್ಲ."

ನಾನು ನಕ್ಕೆ. ನಗಬಾರದಿತ್ತು. ನಮ್ಮತ್ತೆಯ ಹಟ ಎಂಥದ್ದೆಂದು ನನಗೆ ಗೊತ್ತಿರಬೇಕಿತ್ತು. ಮಿಕ್ಸಿಯಲ್ಲಿ ರುಬ್ಬಿದ್ದು ಚಟ್ನಿಯೇ ಅಲ್ಲ ಎಂದು ಮಿಕ್ಸಿಯ ಜೊತೆ ಟೂ ಬಿಟ್ಟವರು ಇವತ್ತಿಗೂ ಅದರ ಸ್ವಿಚ್ ಮುಟ್ಟಿಲ್ಲ. ಎದುರುಮನೆಯ ನಾಯಿ ತಮ್ಮನ್ನು ಕಂಡರೆ ಬೊಗಳುತ್ತದೆ ಅಂತ ದಿನಾ ಸಂಜೆ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಕೊನೆಗೆ ನಾಯಿಗೇ ಸಾಕಾಗಿ, ಗೋಡೆ ಕಡೆ ಮುಖ ತಿರುಗಿಸಿ ಮಲಗುವುದನ್ನು ಕಲಿಯಿತು!

ಈ ಸಲದ ಹಟಕ್ಕೆ ಕಾರಣ ಶ್ರವಣಬೆಳಗೊಳದ ಬೆಟ್ಟ. ಅತ್ತೆಯ ತವರು ಚನ್ನರಾಯಪಟ್ಟಣದ ಪಕ್ಕದ ಒಂದು ಹಳ್ಳಿ. ಹಿತ್ತಲಲ್ಲಿ ನಿಂತರೆ ಬೆಟ್ಟ, ಅದರ ಮೇಲೆ ಗೊಮ್ಮಟನ ತಲೆ, ಭುಜ ಕಾಣುತ್ತಿತ್ತಂತೆ. ಬೆಟ್ಟದ ಬುಡಕ್ಕೆ ಎಷ್ಟೋ ಸಲ ಹೋಗಿದ್ದಾರೆ. ಒಂದು ಸಲವೂ ಹತ್ತಿಲ್ಲ! ಚಿಕ್ಕವರಿದ್ದಾಗ ಕೈಕೂಸು ತಮ್ಮಂದಿರನ್ನು ನೋಡಿಕೊಂಡು ಕೆಳಗೇ ಉಳಿದರು. ಮದುವೆಯಾದ ಮೇಲೆ ವಾರಗಿತ್ತಿಯ ಮಕ್ಕಳು, ಆಮೇಲೆ ತಮ್ಮದೇ ಮಗ. ಮೇಲುಕೋಟೆಯಲ್ಲೂ ಅದೇ ಕಥೆ. ಮನೆಯವರೆಲ್ಲ ಹತ್ತಿ ಇಳಿಯುವ ತನಕ ಚಪ್ಪಲಿ, ಚೀಲ, ಕೂಸು ಕಾಯುವುದು ಇವರ ಪಾಲು. ಅವರ ಪಾಲಿಗೆ ಬೆಟ್ಟ ಎಂದರೆ ಬುಡ ಮಾತ್ರ.

"ಅವನ ಪಾದ ನೋಡ್ಬೇಕು ಕಣವ್ವ," ಅಂದರು ಅತ್ತೆ. "ತಲೆ ನೋಡಿ ನೋಡಿ ಸಾಕಾಯ್ತು."

ಆಗ ನನಗೆ ಹಿಂದಿನ ತಿಂಗಳ ಒಗಟು ಬಿಡಿಸಿದಂತಾಯಿತು. ಗಣೇಶನ ಹಬ್ಬ ಕಳೆದಾಗಿನಿಂದ ಅತ್ತೆ ಬೆಳಿಗ್ಗೆ ಸಂಜೆ ತುಂಬಿದ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ತಾರಸಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅದು ಬೆಟ್ಟದ ತಾಲೀಮು! ಪಾಪ, ಪಕ್ಕದ ಮನೆಯವರು ನಮ್ಮ ಮನೆಗೆ ನೀರು ಬರುತ್ತಿಲ್ಲವೆಂದು ತಿಳಿದು ಎರಡು ಬಕೆಟ್ ನೀರು ತಂದಿಟ್ಟು ಹೋಗಿದ್ದರು.

ಬಾಡಿಗೆ ಗಾಡಿ ಹೊರಟ ಕೂಡಲೇ ಚಿನ್ನಿ ಕಾಲಿನ ಶೂ ಬಿಚ್ಚಿ ಡ್ರೈವರಿನ ತಲೆಗೆ ಎಸೆದಳು. ಅತ್ತೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿದರು.

"ಅಜ್ಜೀ!"

"ಅಜ್ಜಿ ರಜಾ ಮೇಲವ್ಳೆ ಕಣವ್ವ. ನಿಮ್ಮಪ್ಪನ್ನ ಕೇಳು."

ನಮ್ಮೆಜಮಾನರು ರಾಜಿ ಸೂತ್ರ ಮುಂದಿಟ್ಟರು. "ಬೆಟ್ಟದ ಹತ್ರ ನಾನೇ ಮಗು ಜೊತೆ ಕೆಳಗಿರ್ತೀನಿ ಬಿಡವ್ವ."

"ನೀನಾ? ಓದ್ಸಲ ಮದ್ವೇಲಿ ನೋಡ್ಕಂಡಂಗಾ?"

ಆ ಮದುವೆಯಲ್ಲಿ ಮಗುವನ್ನು ನಮ್ಮೆಜಮಾನರ ಕೈಗೆ ಕೊಟ್ಟು ನಾನು ಸೀರೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಇವರು ಬೋಂಡದ ತಟ್ಟೆಯ ಮುಂದಿದ್ದರು. ಮಗಳು ವೇದಿಕೆಯಲ್ಲಿ ವಧುವಿನ ಹಾರ ಕಿತ್ತು ತಿನ್ನುತ್ತಿದ್ದಳು!

"ನಾನಿರ್ತೀನಿ ಅತ್ತೆ," ಅಂದೆ.

"ನೀನಂತೂ ಇರಂಗೇ ಇಲ್ಲ." ಯಾಕೆಂದು ಹೇಳಲಿಲ್ಲ.

"ಹಾಗಾದ್ರೆ ಎತ್ಕೊಂಡೇ ಹತ್ತೋಣ."

"ಅದು ಸಂಗ್ಡ ಬಂದ್ರೆ ನಾನು ಬೆಟ್ಟ ನೋಡಲ್ಲ, ಅದನ್ನೇ ನೋಡ್ತೀನಿ. ನನ್ ಬುದ್ಧಿ ನಂಗೊತ್ತಿಲ್ವಾ?"

ಇನ್ನು ಉಳಿದವರು ಯಾರು? ನಮ್ಮೆಜಮಾನರು ಆಸೆಯಿಂದ ಡ್ರೈವರ್ ಕಡೆ ನೋಡಿದರು. ಆತ ತಲೆ ಸವರಿಕೊಂಡು, "ಸಾ, ಗಾಡಿ ಬೇಕಾದ್ರೆ ರಾತ್ರಿಯೆಲ್ಲಾ ಕಾಯ್ತೀನಿ. ಇದೊಂದು ಬ್ಯಾಡಿ ಸಾ," ಅಂದ.

ಹೀಗೆ ನಮ್ಮ ಪ್ರವಾಸ, ಮಗು ನೋಡಿಕೊಳ್ಳುವವರನ್ನು ಹುಡುಕುವ ಪ್ರವಾಸವಾಯಿತು.

ಮೊದಲು ಹೊಳೆನರಸೀಪುರ. ಅಲ್ಲಿ ನಮ್ಮೆಜಮಾನರ ದೊಡ್ಡಪ್ಪನ ಮಗಳ ಮನೆ. ಕಾಫಿ ಕುಡಿಯುತ್ತಾ ಸಂಕೋಚದಿಂದಲೇ ವಿಷಯ ಎತ್ತಿದೆ. ಆಕೆಯ ಮುಖ ಅರಳಿತು. "ಅಯ್ಯೋ, ಅದಕ್ಕೇನಂತೆ ಅತ್ತಿಗೆ! ಬೆಟ್ಟದ ಹತ್ರಾನೇ ಬತ್ತೀನಿ," ಎಂದು ಒಳಗೆ ಹೋದಳು. ನಾನು ಅತ್ತೆಯ ಕಡೆ ಗೆದ್ದ ನೋಟ ಬೀರಿದೆ. ಸ್ವಲ್ಪ ಹೊತ್ತಿಗೆ ಆಕೆ ರೇಷ್ಮೆ ಸೀರೆ ಉಟ್ಟು, ತನ್ನ ಇಬ್ಬರು ಮಕ್ಕಳಿಗೂ ಪೌಡರ್ ಬಳಿದು ಹೊರಗೆ ಬಂದಳು. "ನಾನೂ ಬೆಟ್ಟ ಹತ್ತೇ ಇಲ್ಲ ಕಣತ್ತಿಗೆ! ನಮ್ ಮೂರೂ ಮಕ್ಕಳನ್ನ ಯಾರ್ ಹತ್ರ ಬಿಡೋದು?"

ಗಾಡಿಯಲ್ಲಿ ಜಾಗವಿಲ್ಲವೆಂದು ಒಪ್ಪಿಸುವಷ್ಟರಲ್ಲಿ ನನ್ನ ಬಾಯಿ ಒಣಗಿಹೋಯಿತು.

ಹಾಸನದ ಲಾಡ್ಜಿನಲ್ಲಿ ಅತ್ತೆಯೇ ಅಭ್ಯರ್ಥಿಗಳ ಪರೀಕ್ಷೆ ಶುರುಮಾಡಿದರು. ತಾವು ನೋಡಿಕೊಳ್ಳುವುದಿಲ್ಲ ನಿಜ, ಆದರೆ ನೋಡಿಕೊಳ್ಳುವವರು ಎಂಥವರೆಂದು ನೋಡಬಾರದೆಂದು ಎಲ್ಲಿದೆ? ಎಲ್ಲರಿಗೂ ಒಂದೇ ಪ್ರಶ್ನೆ: "ಮಗು ಮಣ್ ತಿಂದ್ರೆ ಏನ್ ಮಾಡ್ತೀಯ?" ಪಕ್ಕದ ರೂಮಿಗೆ ಬಂದಿದ್ದ ಕಾಲೇಜು ಹುಡುಗಿ, "ಡಾಕ್ಟರಿಗೆ ಫೋನ್ ಮಾಡ್ತೀನಿ ಆಂಟಿ," ಅಂದಳು. ಫೇಲ್! ಮ್ಯಾನೇಜರು, "ನಮ್ಮಲ್ಲಿ ಮಣ್ಣೇ ಇಲ್ಲಮ್ಮ, ಎಲ್ಲಾ ಟೈಲ್ಸು," ಅಂದರು. ಅವರೂ ಫೇಲ್. ಕೋಣೆ ಗುಡಿಸಲು ಬಂದ ಹೆಂಗಸು ಮಾತ್ರ ಪೊರಕೆ ನಿಲ್ಲಿಸಿ ಕೇಳಿದಳು:

"ಎಷ್ಟ್ ತಿಂದ್ರೆ?"

ಅತ್ತೆ ಹಿಗ್ಗಿಹೋದರು. "ಇವ್ಳು ಕಣವ್ವ ಮಕ್ಕಳ ಸಾಕಿರೋಳು!" ಆದರೆ ಆಕೆಗೆ ಲಾಡ್ಜಿನ ಕೆಲಸವಿತ್ತು. ಬೆಟ್ಟದ ತನಕ ಬರುವುದು ಹೇಗೆ? ಅತ್ತೆ ಮಾತ್ರ ಅಲ್ಲಿಂದ ಹೊರಡುವ ತನಕ ಆಕೆಯನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಟ್ಟರು.

ಮಾರನೆಯ ದಿನ ಗೊರೂರಿನ ಅಣೆಕಟ್ಟೆ ನೋಡಿಕೊಂಡು ಅರಕಲಗೂಡಿಗೆ ಹೋದೆವು. ಡ್ರೈವರ್ ಟೀಗೆ ಗಾಡಿ ನಿಲ್ಲಿಸಿದ ಕಡೆ ಒಂದು ಅಂಗನವಾಡಿ ಇತ್ತು. ಚಿನ್ನಿ ನನ್ನ ಕೈ ಕೊಸರಿಕೊಂಡು ಒಳಗೆ ಓಡಿದಳು. ಹಿಂದೆಯೇ ಓಡಿ ನೋಡಿದರೆ, ಆಗಲೇ ಸಾಲಿನಲ್ಲಿ ಕೂತು, ಪಕ್ಕದವನ ತಟ್ಟೆಯಿಂದ ಉಪ್ಪಿಟ್ಟು ತಿನ್ನುತ್ತಿದ್ದಾಳೆ! ಟೀಚರ್ ನಕ್ಕು, "ಇರ್ಲಿ ಬಿಡಿ, ಆಡ್ಲಿ," ಅಂದರು. ಮನೆಯಲ್ಲಿ ಒಂದು ನಿಮಿಷ ಕೂರದವಳು ಅಲ್ಲಿ ಕೈಕಟ್ಟಿ ಕೂತು ಹಾಡಿದಳು. ಕರೆದರೆ ನಾವು ಯಾರೋ ಎಂಬಂತೆ ನೋಡಿದಳು.

"ಅವ್ವ, ಇವ್ಳು ಇಲ್ಲೇ ಸರಿಹೋಗವ್ಳೆ," ಅಂದರು ನಮ್ಮೆಜಮಾನರು. "ಬೆಟ್ಟ ಅಲ್ಲೆಲ್ಲೋ ದೂರ. ಇಲ್ಲೇ ಹತ್ರದಲ್ಲಿ ಯಾವ್ದಾದ್ರೂ ಗುಡ್ಡ ಇದ್ರೆ ಹತ್ಬುಟ್ಟು ಬರಾಣ್ವಾ?"

ಅತ್ತೆ ಮಗನನ್ನು ನೋಡಿದರು, ಅಷ್ಟೇ. ನಮ್ಮೆಜಮಾನರು ಆ ದಿನ ಪೂರ್ತಿ ಮತ್ತೆ ಸಲಹೆ ಕೊಡಲಿಲ್ಲ.

ಕೊನೆಯ ದಿನ. ಬೆಳಗಾಗುತ್ತಲೇ ಹಾಸನ ಬಿಟ್ಟು, ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದು, ಬೆಳಗೊಳ ತಲುಪಿದಾಗ ಬಿಸಿಲು ಇನ್ನೂ ಎಳೆಯದು. ಮಗು ನೋಡಿಕೊಳ್ಳುವವರು ಯಾರೂ ಸಿಕ್ಕಿರಲಿಲ್ಲ. "ಅತ್ತೆ, ಹಟ ಸಾಕು. ನೀವು ಹತ್ತಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ," ಅಂದೆ. ನನಗೆ ನಿಜವಾಗಿಯೂ ಸುಸ್ತಾಗಿತ್ತು.

"ನೀನು ಅತ್ತಲ್ವಾ? ನಾನೂ ಅತ್ತಲ್ಲ," ಎಂದು ಅತ್ತೆ ಮೆಟ್ಟಿಲ ಬುಡದ ಕಲ್ಲಿನ ಮೇಲೆ ಕೂತೇಬಿಟ್ಟರು.

ನಾವಿಬ್ಬರೂ ಹೀಗೆ ಜಗಳವಾಡುತ್ತಿರುವಾಗ ಚಿನ್ನಿ ಎಲ್ಲಿ? ತಿರುಗಿ ನೋಡಿದರೆ ಹತ್ತಿರದ ಅಂಗಡಿಯಲ್ಲಿದ್ದಳು. ಬರಿಗಾಲಲ್ಲಿ ಬೆಟ್ಟ ಹತ್ತುವವರಿಗೆ ಕಾಲುಚೀಲ ಮಾರುವ ಅಂಗಡಿ ಅದು. ಅಂಗಡಿಯ ಹೆಂಗಸು ಹೆಚ್ಚುಕಮ್ಮಿ ಅತ್ತೆಯ ವಯಸ್ಸಿನವರು. ಇವಳನ್ನು ಕಾಲುಚೀಲದ ರಾಶಿಯ ನಡುವೆ ಕೂರಿಸಿ, "ಈ ಬಣ್ಣದ್ದು ಇನ್ನೊಂದು ಎಲ್ಲಿದೆ, ಹುಡುಕು ನೋಡೋಣ?" ಎನ್ನುತ್ತಿದ್ದರು. ಚಿನ್ನಿ ನಾಲಿಗೆ ಕಚ್ಚಿಕೊಂಡು ಗಂಭೀರವಾಗಿ ಹುಡುಕುತ್ತಿದ್ದಳು.

ಅತ್ತೆ ಎದ್ದು ಹೋದರು. ಪರೀಕ್ಷೆ ಶುರು! ಆದರೆ ಈ ಸಲ ಮಣ್ಣಿನ ಪ್ರಶ್ನೆ ಬರಲಿಲ್ಲ. ಯಾವೂರು, ತವರು ಯಾವುದು, ತಂದೆ ಏನು ಮಾಡುತ್ತಿದ್ದರು ಎಂದು ಒಂದೊಂದಾಗಿ ಕೇಳಿದರು.

"ನಮ್ಮ ತಂದೆ ಚನ್ನರಾಯಪಟ್ಟಣದ ಪೇಟೇಲಿ ಬಟ್ಟೆ ಅಂಗಡಿ ಇಟ್ಟಿದ್ರು," ಅಂದರು ಆಕೆ.

"ಬಸದಿ ಪಕ್ಕದ್ದಾ? ಕನ್ನಡ್ಕ ಆಕ್ಕಂಡು, ಬಟ್ಟೆ ಅಳದ್ಮೇಲೂ ಒಂದ್ ಗೇಣು ಜಾಸ್ತಿ ಬುಟ್ಟು ಕತ್ತರ್ಸೋರು, ಅವರಾ?"

"ಅವರೇ!"

"ನನ್ ಮದ್ವೆ ಸೀರೆ ಅವರ್ ಅಂಗ್ಡೀದು ಕಣಮ್ಮ!"

ಮುಗಿಯಿತು. ಇನ್ನಾವ ಸಂದರ್ಶನವೂ ಬೇಕಾಗಲಿಲ್ಲ. "ಬಿಟ್ಟು ಹೋಗಿ. ಬಿಸಿಲೇರಿದ್ರೆ ಕಲ್ಲು ಸುಡುತ್ತೆ," ಎಂದು ಆಕೆ ನಮ್ಮೆಲ್ಲರ ಕೈಗೂ ಕಾಲುಚೀಲ ಕೊಟ್ಟರು. ಡ್ರೈವರ್ ಗಾಡಿಯನ್ನು ಅಂಗಡಿಯ ಎದುರಿಗೇ ತಂದು ನಿಲ್ಲಿಸಿ, ದೂರದಿಂದ ಕಣ್ಣಿಟ್ಟಿರುತ್ತೇನೆಂದು ಒಪ್ಪಿಕೊಂಡ. "ದೂರದಿಂದ" ಎಂಬುದನ್ನು ಎರಡು ಸಲ ಹೇಳಿದ.

ಹತ್ತತೊಡಗಿದೆವು. ನಮ್ಮೆಜಮಾನರು ಮುಂದೆ ಓಡಿ, ಸ್ವಲ್ಪದರಲ್ಲೇ ಏದುಸಿರು ಬಿಡುತ್ತಾ ಕಂಬಿ ಹಿಡಿದು ನಿಂತರು. ತಾರಸಿಯ ತಾಲೀಮು ಮಾಡಿದ ಅತ್ತೆ ಅವರನ್ನು ದಾಟಿ ಹೋದರು! ನಾನು ಮಾತ್ರ ಪ್ರತಿ ಮೆಟ್ಟಿಲಿಗೂ ಹಿಂದಕ್ಕೆ ತಿರುಗುತ್ತಿದ್ದೆ. ಅಳುತ್ತಿದ್ದಾಳೋ? ರಸ್ತೆಗೆ ಓಡಿದಳೋ? ಅತ್ತೆ ನಿಂತು ನನ್ನ ಮಣಿಕಟ್ಟು ಹಿಡಿದರು.

"ನನ್ನ ಕೆಳಗ್ ಕೂರು ಅಂತ ಯಾರೂ ಯೋಳ್ಲಿಲ್ಲ ಕಣವ್ವ. ಮೊದ್ಲನೇ ಸಲ ನಾನೇ 'ಇರ್ತೀನಿ ಬುಡಿ' ಅಂದೆ. ಆಮೇಲೆ ಯಾರೂ ಕೇಳ್ನೇ ಇಲ್ಲ. ಇವತ್ತು ನೀನ್ ಕೂತಿದ್ರೆ ನಿನ್ನೂ ಯಾರೂ ಕೇಳಾಕಿಲ್ಲ. ನಡಿ."

ನಾನು ಮತ್ತೆ ಹಿಂದಕ್ಕೆ ನೋಡಲಿಲ್ಲ. ಹಾಗೆಂದು ಬರೆಯಲು ಆಸೆ. ನೋಡಿದೆ, ಆದರೆ ಕಡಿಮೆ ನೋಡಿದೆ.

ಮೇಲೆ ಎಲ್ಲರೂ ಕತ್ತು ಹಿಂದಕ್ಕೆ ಬಾಗಿಸಿ ಗೊಮ್ಮಟನ ಮುಖ ನೋಡುತ್ತಿದ್ದರೆ, ಅತ್ತೆ ತಲೆ ಬಗ್ಗಿಸಿ ಪಾದವನ್ನೇ ನೋಡುತ್ತಾ ನಿಂತರು. ತುಂಬಾ ಹೊತ್ತು ನಿಂತರು. ಕಣ್ಣಲ್ಲಿ ನೀರಿತ್ತೋ, ಬೆವರೋ, ನನಗೆ ತಿಳಿಯಲಿಲ್ಲ. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಉಗುರೂ ಕೆತ್ತವ್ರೆ ಕಣೆ!"

ಇಳಿದು ಬಂದಾಗ ಚಿನ್ನಿ ಗಿರಾಕಿಗಳಿಗೆ ಕಾಲುಚೀಲ ಹಂಚುತ್ತಿದ್ದಳು, ಅದೂ ಬೇರೆ ಬೇರೆ ಬಣ್ಣದ್ದನ್ನು ಜೋಡಿ ಮಾಡಿ. ಅಂಗಡಿಯಾಕೆ ನಗುತ್ತಾ ಅತ್ತೆಯನ್ನು ಕೇಳಿದರು: "ಹೇಗಿದೆ ಮೇಲೆ?"

ಅತ್ತೆಗೆ ಅರ್ಥವಾಗಲಿಲ್ಲ. "ನೀವು ಇಲ್ಲೇ ಇರೋರು. ನಿಮ್ಗೊತ್ತಿಲ್ವಾ?"

"ಮದುವೆಯಾಗಿ ಬಂದಾಗ ಹತ್ತಿದ್ದೆ. ಆಮೇಲೆ ಮಕ್ಕಳು, ಅಂಗಡಿ. ಇಲ್ಲೇ ಇದ್ದೀವಲ್ಲ, ಯಾವಾಗ ಬೇಕಾದ್ರೂ ಹತ್ತಬಹುದು ಅಂತ..." ಆಕೆ ಚೆಲ್ಲಿದ್ದ ಕಾಲುಚೀಲಗಳನ್ನು ಜೋಡಿಸತೊಡಗಿದರು.

ಅತ್ತೆ ಒಂದು ಕ್ಷಣ ಆಕೆಯನ್ನು ನೋಡಿದರು. ಆಮೇಲೆ ಅಂಗಡಿಯ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಚಿನ್ನಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು.

"ಓಗ್ಬನ್ನಿ. ಅಂಗ್ಡಿ ನಾನು ನೋಡ್ಕತೀನಿ. ಏ, ಇವರ್ ಸಂಗ್ಡ ನೀನೂ ಓಗವ್ವ, ಕೈ ಇಡ್ಕ. ಮಂಡಿ ನೋವಿರಂಗದೆ."

"ಅತ್ತೆ, ಈಗ ತಾನೇ ಇಳಿದು ಬಂದಿದ್ದೀನಿ!" ಎಂದೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಂಗಡಿಯಾಕೆ ಬೇಡ ಬೇಡ ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡಿದ್ದರು. "ನೀವು ಮಗೂನೇ ಬಿಟ್ಟು ಹೋದ್ರಿ. ಅಂಗಡಿ ಬಿಟ್ಟು ಹೋಗೋದಕ್ಕೆ ನನಗೇನು?" ಅಂದರು.

ಅರ್ಧ ಬೆಟ್ಟದಲ್ಲಿ ಆಕೆ ಉಸಿರು ತೆಗೆದುಕೊಳ್ಳಲು ಕೂತರು. ಅಷ್ಟು ಎತ್ತರದಿಂದ ಅಂಗಡಿ ಬೆಂಕಿಪೊಟ್ಟಣದಷ್ಟೇ ಕಾಣುತ್ತಿತ್ತು. ಅದರ ಮುಂದೆ ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಿಗೆ ಕೈ ಅಡ್ಡ ಹಿಡಿದು ಕತ್ತೆತ್ತಿ ನಿಂತಿದ್ದರು. ನಾವು ಮತ್ತೆ ಎದ್ದು ಹತ್ತುವ ತನಕ ಅವರು ಅಲ್ಲಿಂದ ಕದಲಲಿಲ್ಲ.