ಚಿಕ್ಕೋಡಿ ಬ್ರೇಕು, ನಿಪ್ಪಾಣಿ ಬ್ರೇಕು

ಗಾಲಿ ಬೂಟು ಹಾಕಿಕೊಂಡು ಮಕ್ಕಳಿಗೆ ಸ್ಕೇಟಿಂಗ್ ಕಲಿಸುವವಳ ಬದುಕಿನಲ್ಲಿ ನಗುವಿಗೆ ಬರವಿಲ್ಲ. ನಾನು ಬೀಳದ ದಿನ ಬೇರೆ ಯಾರಾದರೂ ಬಿದ್ದೇ ಬೀಳುತ್ತಾರೆ. ರಾಯಬಾಗದಲ್ಲಿ ನನ್ನನ್ನು ಎಲ್ಲರೂ ‘ಗಾಲಿ ಅಕ್ಕೋರು’ ಎಂದೇ ಕರೆಯುತ್ತಾರೆ. ನನಗೇನೂ ಸಿಟ್ಟಿಲ್ಲ. ಈ ಗಾಲಿಗಳು ನನಗೆ ಅನ್ನ ಹಾಕಿವೆ, ಒಳ್ಳೆಯ ಜನರನ್ನೂ ಕೊಟ್ಟಿವೆ.

ಎರಡು ಪೀಠ

ನಮ್ಮ ಕಡೆ ಸ್ಕೇಟಿಂಗ್ ಕಲಿಸುವವರಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಎರಡು. ಒಂದು ಚಿಕ್ಕೋಡಿಯದು, ಇನ್ನೊಂದು ನಿಪ್ಪಾಣಿಯದು. ಎರಡರ ಅಧ್ಯಕ್ಷರೂ ಕೊಲ್ಹಾಪುರದಲ್ಲಿ ಒಬ್ಬರೇ ಗುರುವಿನ ಹತ್ತಿರ ಕಲಿತವರು. ಅವರ ಜಗಳ ಓಡುವುದರಲ್ಲಲ್ಲ, ನಿಲ್ಲುವುದರಲ್ಲಿ. ಹಿಂದಿನ ಕಾಲನ್ನು ಅಡ್ಡ ಮಾಡಿ, ನೆಲಕ್ಕೆ ಎಳೆದು ನಿಲ್ಲಬೇಕು ಎನ್ನುವುದು ಚಿಕ್ಕೋಡಿಯ ಮತ. ಎರಡೂ ಪಾದ ಒಳಕ್ಕೆ ತಿರುವಿ ನಿಲ್ಲಬೇಕು ಎನ್ನುವುದು ನಿಪ್ಪಾಣಿಯ ಮತ. ಹಾಗಾಗಿ ಇವರ ಸರ್ಟಿಫಿಕೇಟು ಅವರಿಗೆ ನಡೆಯುವುದಿಲ್ಲ, ಅವರದು ಇವರಿಗೆ ನಡೆಯುವುದಿಲ್ಲ.

ನನ್ನ ಹತ್ತಿರ ಇದ್ದದ್ದು ಚಿಕ್ಕೋಡಿಯದು. ಈ ಸಲ ಶಾಲೆಗಳ ಸ್ಪರ್ಧೆ ನಡೆಸುವ ಸರದಿ ನಿಪ್ಪಾಣಿಗೆ ಬಂತು. ನನ್ನ ಹುಡುಗಿಯರು ಮೊಣಕಾಲು ತರಚಿಸಿಕೊಂಡು ವರ್ಷವಿಡೀ ಕಲಿತಿದ್ದರು. ಮರಾಠಿ ಬೆರೆಸಿ ಮಾತಾಡುವ ನಿಪ್ಪಾಣಿ ಸಾಹೇಬರಿಗೆ ಫೋನ್ ಮಾಡಿದೆ.

“ಬಾಯಿ, ನಿಮ್ಮ ಹುಡುಗ್ಯಾರು ಏಕದಂ ಛಾನ್. ಆದ್ರ ನೀವು ನಮ್ಮ ಕಡೆ ಪಾಸಾಗಿಲ್ಲ. ಟೀಮ್ ಒಳಗ ಬಿಡಾಂಗಿಲ್ರಿ.”

ಚಿಕ್ಕೋಡಿ ಸಾಹೇಬರಿಗೆ ಹೇಳಿದರೆ, “ಅವರ ಕಡೆ ಪರೀಕ್ಷೆ ಕೊಟ್ರ ನಮ್ಮದು ರದ್ದ ಮಾಡ್ತೀವಿ” ಅಂದರು.

ಒಂದು ಕಡೆ ಹೋದರೆ ಇನ್ನೊಂದು ಕಡೆ ಬಾಗಿಲು ಬಂದ್. ಹುಡುಗಿಯರ ಮುಖ ನೆನೆಸಿಕೊಂಡು ರಾತ್ರಿ ಊಟ ಸೇರಲಿಲ್ಲ. ನನ್ನ ಗಂಡ ಸಮಾಧಾನ ಮಾಡಿದರು: “ಇಷ್ಟ ಯಾಕ ಅಳ್ತಿ? ನನ್ನ ಅಡಗೀನ್ನೂ ಯಾರೂ ಒಪ್ಪಿಲ್ಲ. ನೀ ದಿನಾ ಉಣ್ಣಾಂಗಿಲ್ಲೇನು?”

ಸಾರಿನ ಗಾಡಿ

ಅದೇ ವಾರ ಅಥಣಿಯಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಇಬ್ಬರು ಸಾಹೇಬರೂ ಎದುರುಬದುರು ಕೂತಿದ್ದರು. ನಾನು ಇಬ್ಬರಿಗೂ ನಮಸ್ಕಾರ ಹೇಳಿ ಹೋಳಿಗೆಯ ಕಡೆ ನೋಡುತ್ತ ಕೂತೆ. ಬಡಿಸುವವನು ಸಾರಿನ ದೊಡ್ಡ ಹಂಡೆಯನ್ನು ಗಾಲಿ ಗಾಡಿಯ ಮೇಲಿಟ್ಟು ತಳ್ಳಿಕೊಂಡು ಬಂದ. ಫರಸಿ ಕಲ್ಲಿನ ನೆಲ ನುಣುಪಾಗಿತ್ತು, ಗಾಡಿ ಸ್ವಲ್ಪ ಜೋರಾಯಿತು.

“ಹಿಂದಿನ ಕಾಲ ಎಳೀಲೇ!” ಎಂದು ಚಿಕ್ಕೋಡಿಯವರು ಕೂಗಿದರು.

“ನಕೋ ನಕೋ! ಎರಡೂ ಪಾದ ಒಳಗ ತಿರುವು!” ಎಂದು ನಿಪ್ಪಾಣಿಯವರು ಎದ್ದೇ ನಿಂತರು.

ಪಂಕ್ತಿಯಲ್ಲಿದ್ದವರೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡಿದರು. ಬಡಿಸುವವನು ಗಾಡಿಯ ಹಿಡಿಕೆ ಹಿಡಿದು ಸುಮ್ಮನೆ ನಿಲ್ಲಿಸಿದ. ಇಬ್ಬರನ್ನೂ ಒಮ್ಮೆ ನೋಡಿ ಕೇಳಿದ:

“ಸಾಹೇಬ್ರ, ಗಾಡಿ ನಿಂತೈತಿ. ನೀವ್ ಯಾವಾಗ ನಿಲ್ಲಸ್ತೀರಿ?”

ಅಥಣಿ ಬಸ್ಸು

ಯಾವುದಕ್ಕೂ ಇರಲಿ ಎಂದು ಹುಡುಗಿಯರಿಗೆ ಎರಡೂ ಬ್ರೇಕು ಕಲಿಸತೊಡಗಿದೆ. ಒಂದು ರವಿವಾರ ಬೆಳಿಗ್ಗೆ ಬಸ್‌ ಸ್ಟ್ಯಾಂಡಿನ ಹಿಂದಿನ ಖಾಲಿ ರಸ್ತೆಯಲ್ಲಿ ಅಭ್ಯಾಸ ನಡೆದಿತ್ತು. ಚಿಕ್ಕೋಡಿ ಸಾಹೇಬರು ಹೇಳದೆ ಕೇಳದೆ ಬಂದು ನನ್ನ ಪಕ್ಕ ನಿಂತರು. ನನ್ನ ಹುಡುಗಿಯರಲ್ಲೊಬ್ಬಳು, ಟೇಲರ್ ಮಗಳು, ಅಷ್ಟರಲ್ಲಿ ಬಾಣದಂತೆ ಬರುತ್ತಿದ್ದಳು. ಸಾಹೇಬರನ್ನು ಕಂಡಳು, ಆದರೆ ಯಾವ ಸಾಹೇಬರೆಂದು ಗುರುತು ಹತ್ತಲಿಲ್ಲ.

“ಅಕ್ಕೋರ, ಇವ್ರು ಎಲ್ಲಿಯವ್ರರಿ? ಯಾವ ಬ್ರೇಕ್ ಹಾಕ್ಲಿ?”

ನಾನು ಬಾಯಿ ತೆರೆಯುವುದರೊಳಗೆ ನಮ್ಮನ್ನು ದಾಟಿ ಹೋಗೇಬಿಟ್ಟಳು. ತಿರುವಿನಲ್ಲಿ ನಿಂತಿದ್ದ ಅಥಣಿ ಬಸ್ಸಿನ ಬಾಗಿಲಿನ ಕಂಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಳು. ಪುಣ್ಯಕ್ಕೆ ಕಂಡಕ್ಟರ್ ಅವಳ ರಟ್ಟೆ ಹಿಡಿದುಕೊಂಡಿದ್ದ. ಅವನ ಹೊಟ್ಟೆ ತಣ್ಣಗಿರಲಿ. ನಾವು ಓಡಿ ಹೋದಾಗ ಅವಳಿಗೆ ಬುದ್ಧಿ ಹೇಳುತ್ತಿದ್ದ:

“ಹೆಣ್ಣಮಕ್ಕಳಿಗೆ ಬಸ್ ಫ್ರೀ ಐತಿ ಖರೆ. ಆದ್ರೂ ಇಷ್ಟ ಅವಸರ ಯಾಕಬೇ?”

ಮಧ್ಯಸ್ಥರ ರಸ್ತೆ

ನಮ್ಮ ಶಾಲೆಯ ಹೆಡ್ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಕೊನೆಗೆ ಒಂದು ದಾರಿ ಹುಡುಕಿದರು. “ಇಬ್ರನ್ನೂ ಒಂದ ಕಡೆ ಕರಸ್ರಿ. ಯಾರ ಬ್ರೇಕ್ ಛಲೋ ಹತ್ತತೈತಿ ನೋಡೂಣು. ಅದರಾಗ ನಿಮ್ಮ ಪರೀಕ್ಷೆ ಆಗ್ಲಿ, ಸೋತವ್ರು ಒಪ್ಕೋಬೇಕು.” ಚಿಕ್ಕೋಡಿಯವರು ನಿಪ್ಪಾಣಿಗೆ ಹೋಗುವುದಿಲ್ಲ, ನಿಪ್ಪಾಣಿಯವರು ಚಿಕ್ಕೋಡಿಗೆ ಬರುವುದಿಲ್ಲ. ಕಡೆಗೆ ಯಾರ ಊರೂ ಅಲ್ಲದ, ಅಥಣಿ ಕಡೆಯ ಅನಂತಪುರದ ಹತ್ತಿರ ಹೊಸ ಕಾಂಕ್ರೀಟ್ ರಸ್ತೆ ಗೊತ್ತಾಯಿತು.

ರಸ್ತೆ ಹೊಸದಾದರೆ ನಮ್ಮ ರೈತರಿಗೂ ಸಂತೋಷವೇ. ಇಳಿಜಾರು ಮುಗಿಯುವ ಕಡೆ ಒಬ್ಬ ಅಜ್ಜಿ ರಸ್ತೆಯ ಉದ್ದಕ್ಕೂ ಗೋವಿನಜೋಳ ಒಣಹಾಕಿ ಕೋಲು ಹಿಡಿದು ಕೂತಿದ್ದಳು. ಸಾಹೇಬರಿಬ್ಬರೂ ಅದನ್ನು ನೋಡಿದರು. ಅದಕ್ಕಿಂತ ಮೊದಲೇ ನಿಲ್ಲುತ್ತೇವೆ ಅಂದರು.

ಇಬ್ಬರಿಗೂ ಹೊಟ್ಟೆ ಬಂದಿತ್ತು. ಬೂಟಿನ ಲೇಸು ಕಟ್ಟಲು ನಾನೇ ಬಗ್ಗಬೇಕಾಯಿತು. ಒಟ್ಟಿಗೆ ಹೊರಟರು. ಚಿಕ್ಕೋಡಿಯವರು ಕಾಲು ಎಳೆದರು, ನಿಪ್ಪಾಣಿಯವರು ಪಾದ ತಿರುವಿದರು. ರಸ್ತೆ ಇಬ್ಬರ ಮಾತನ್ನೂ ಕೇಳಲಿಲ್ಲ. ಗೋವಿನಜೋಳದೊಳಗೆ ಇಬ್ಬರೂ ಅಂಗಾತ!

ಅಜ್ಜಿ ಕೋಲೆತ್ತಿಕೊಂಡು ಬಂದಳು. “ಕಾಳೆಲ್ಲ ಚೆಲ್ಲಿದ್ರಲ್ಲೋ! ಬಿಚ್ಚ್ರಿ ಆ ಗಾಲಿ. ಹೆಂಗೂ ಕಾಳ ತಿರುವೂ ಹೊತ್ತಾಗೇತಿ, ಬುಡದ ಕಾಳಿಗೂ ಬಿಸಲ ಬೀಳಬೇಕು. ಆ ತುದಿತನ ಕಾಲ ಎಳಕೋತ ಹೋಗ್ರಿ!” ಬೂಟುಗಳನ್ನು ಕಸಿದು ಮಗ್ಗುಲಲ್ಲಿಟ್ಟುಕೊಂಡು ಕೂತಳು.

ಸಾಹೇಬರಿಬ್ಬರೂ ಬರಿಗಾಲಲ್ಲಿ ಕಾಳಿನೊಳಗೆ ಸಾಲು ಹೊಡೆದರು. ಒಬ್ಬರು ಒಂದು ಕಾಲು ಎಳೆದು, ಇನ್ನೊಬ್ಬರು ಪಾದ ಒಳಗೆ ತಿರುವಿ. ಅರ್ಧ ದಾರಿಯಲ್ಲಿ ಏದುಸಿರು ಬಂದು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದರು. ಗುರುವಿನ ಮನೆಯ ಯಾವುದೋ ಹಳೆಯ ಮಾತು ತೆಗೆದು ನಗತೊಡಗಿದರು. ಇದೇ ಹೊತ್ತೆಂದು ನಾನು ಮೆಲ್ಲಗೆ ಹೋಗಿ, “ಸರ್, ನನ್ನ ಪರೀಕ್ಷೆ?” ಅಂದೆ.

ನಿಪ್ಪಾಣಿಯವರು ಸಂಗಾತಿಯ ಮುಖ ನೋಡಿದರು. “ನಮಗ ನಿಲ್ಲಾಕ ಬರಲಿಲ್ಲ. ಈ ಬಾಯೀನ್ನ ಏನ್ ಪರೀಕ್ಷೆ ಮಾಡೂದಪಾ?”

“ಪಾಸ್ ಮಾಡಿಬಿಡು. ನಾನೂ ರದ್ದ ಮಾಡಾಂಗಿಲ್ಲ” ಅಂದರು ಚಿಕ್ಕೋಡಿಯವರು.

ನನ್ನ ಹುಡುಗಿಯರು ಸ್ಪರ್ಧೆಗೆ ಹೋಗುವುದು ಗ್ಯಾರಂಟಿ ಆಯಿತು. ಕಣ್ಣು ತುಂಬಿ ಬಂತು. ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವಳ ಲಕ್ಷ್ಯ ನನ್ನ ಮೇಲಿರಲಿಲ್ಲ. ಇಬ್ಬರೂ ಹೊಡೆದ ಸಾಲುಗಳನ್ನು ಬಗ್ಗಿ ನೋಡಿ ತಲೆಯಾಡಿಸಿದಳು.

“ಇಬ್ರದೂ ಛಲೋ ಬಂದಾವು. ಅಕ್ಕೋರ, ನಾಳೆ ಇಲ್ಲೇ ಸೋಯಾಬೀನ್ ಒಣಾಕ ಹಾಕಾಕಿ ಅದೀನಿ. ಇನ್ನೊಂದ ಪರೀಕ್ಷೆ ಇಡ್ರಿ!”