ಅವ್ವನ ಬೆರಳು ತುಳಿದ ಎತ್ತು

ಹೊನ್ನಾಳಿಯಲ್ಲಿ ಮೋಟಾರ್ ವೈಂಡಿಂಗ್ ನನ್ನ ಕೆಲಸ. ಸಕ್ಕರೆ ಕಾಯಿಲೆ ಹೃದಯದ ಸ್ನಾಯುವನ್ನೇ ಕೆಡಿಸುತ್ತದೆ ಎಂದು ಓದಿ ತಿಳಿದ ಮೇಲೆ ಜಗಳೂರಿನವರೆಗೂ ಹೋಗಿ ಕರಪತ್ರ ಹಂಚಿದ್ದೇನೆ, ಬೈಸಿಕೊಂಡಿದ್ದೇನೆ. ಆದರೆ ಈ ಕಾಯಿಲೆಯನ್ನು ಮುಚ್ಚಿಡುವ ಪ್ರಸಂಗಗಳು ನಡೆಯುವುದು ನನ್ನ ಮನೆಯಲ್ಲೇ. ಒಂದಕ್ಕೆ ಹಲ್ಲು ಕಡಿದು ಮುಗಿಸುವಷ್ಟರಲ್ಲಿ ಇನ್ನೊಂದು.

ಕಬ್ಬಿಣದ ಎದೆ

ನ್ಯಾಮತಿಯಲ್ಲಿರುವ ನನ್ನ ಅಕ್ಕನಿಗೆ ಹನ್ನೆರಡು ವರ್ಷದಿಂದ ಸಕ್ಕರೆ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು, "ಇಸಿಜಿ ಸರಿಯಾಗೈತೆ. ಆದ್ರೂ ಹಾರ್ಟಿಗೆ ಒಂದು ಎಕೋ ಸ್ಕ್ಯಾನ್ ಮಾಡಿಸ್ರಿ" ಅಂದರು. ಭಾವ ಕೇಳಿಸಿಕೊಂಡಿದ್ದು ಮೊದಲರ್ಧ ಮಾತ್ರ.

"ರಕ್ತನಾಳದ ಪೈಪಿನಾಗೆ ಕಸ ಇಲ್ಲದಿದ್ರೂ ಹಾರ್ಟಿನ ಮೋಟಾರ್ ಕೆಡತೈತೆ ಭಾವ," ಅಂದೆ. "ರಕ್ತದ ತುಂಬ ಸಕ್ಕರೆ ಐತೆ, ಅದನ್ನ ಒಳಗೆ ತಗಳಾಕೆ ಸ್ನಾಯುಗೆ ಆಗಲ್ಲ. ಬರೀ ಕೊಬ್ಬು ಸುಟ್ಕಂಡು ಓಡತೈತೆ, ಪೆಟ್ರೋಲ್ ಗಾಡಿಗೆ ಸೀಮೆಎಣ್ಣೆ ಹಾಕಿದಂಗೆ. ಕೊನೀಗೆ ಒಳಗೆ ನಾರು ಬೆಳೆದು ಗಟ್ಟಿಯಾಗತೈತೆ."

ಭಾವ ನಕ್ಕ. "ಹೋಗೋ, ನಿಮ್ಮಕ್ಕನ ಹಾರ್ಟು ಕಬ್ಬಿಣದಂಗೈತೆ!"

"ಅದೇ ರೋಗ ಭಾವ," ಅಂದೆ.

ಎತ್ತು

ಅಕ್ಕನನ್ನು ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. "ನಿಮ್ಮ ವಂಶದಲ್ಲಿ ಯಾರಿಗಾದ್ರೂ ಸಕ್ಕರೆ ಇತ್ತಾ?" ಎಂದು ಕೇಳಿದರು.

ಇದು ಬಾಯಿಮಾತಿನ ಪ್ರಶ್ನೆಯಲ್ಲ. ಈ ಕಾಯಿಲೆಯತ್ತ ವಾಲುವ ಗುಣ ವಂಶವಾಹಿಗಳಲ್ಲೇ ಬರಬಹುದು. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ, ಆರಿರಬೇಕಾದ ವಂಶವಾಹಿ ಸ್ವಿಚ್ಚುಗಳು ಜೀವಕೋಶದೊಳಗೆ ಹೊತ್ತಿಕೊಳ್ಳುತ್ತವೆ. ಆಮೇಲೆ ಸಕ್ಕರೆ ಇಳಿದರೂ ಕೆಲವು ಆರುವುದೇ ಇಲ್ಲ.

ಅಕ್ಕ ಹಿಂದೆ ಕೂತ ಜನರತ್ತ ತಿರುಗಿ ನೋಡಿ, "ಯಾರಿಗೂ ಇಲ್ರೀ" ಅಂದಳು.

"ಹಂಗಾದ್ರೆ ಅವ್ವನ ಕಾಲಿನ ಹೆಬ್ಬೆರಳು ಯಾಕೆ ಕತ್ತರಿಸಿದ್ರು?" ಅಂದೆ.

"ಎತ್ತು ತುಳಿದಿತ್ತು!" ಎಂದವಳು ನನ್ನ ತೊಡೆ ಚಿವುಟಿ, "ಮಗಳನ್ನ ನೋಡಾಕೆ ಚನ್ನಗಿರಿಯಿಂದ ಗಂಡಿನೋರು ಬರ್ತಾ ಅದಾರೆ. ಬಾಯಿ ಮುಚ್ಕ" ಎಂದು ಪಿಸುಗುಟ್ಟಿದಳು.

ಡಾಕ್ಟರು ಬರೆದುಕೊಂಡರು. ನಮ್ಮಪ್ಪ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ನಮ್ಮ ಮನೆಯಲ್ಲಿ ಎತ್ತು ಇದ್ದದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಸೆಕೆ

ಚನ್ನಗಿರಿಯವರು ಬಂದರು. ಅಕ್ಕನ ಮಾತ್ರೆಗಳು ಸಾಸಿವೆ ಡಬ್ಬಿ ಸೇರಿದವು. ತನಗೆ ಸಕ್ಕರೆ ಇಲ್ಲ ಎಂದು ತೋರಿಸಲು ಅಕ್ಕ ಎರಡು ಹೋಳಿಗೆ ತಿಂದಳು. ಹುಡುಗನ ತಾಯಿ ಮೂರು ತಿಂದರು. ಅಕ್ಕ ಪಾಯಸ ಬಡಿಸಿಕೊಂಡಳು. ಅವರೂ ಬಟ್ಟಲು ಮುಂದೆ ಚಾಚಿದರು. ನಾನು ಬಾಯಿ ತೆರೆದಾಗಲೆಲ್ಲ ಭಾವ ನನ್ನ ಎಲೆಗೆ ಹಪ್ಪಳ ಹಾಕಿದ.

ಊಟವಾದ ಮೇಲೆ ಹಿತ್ತಲ ನಲ್ಲಿಯ ಹತ್ತಿರ ಇಬ್ಬರೂ ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತಿದ್ದರು.

"ಬಾಳ ಸೆಕೆ ಅಲ್ರೀ?" ಅಂದಳು ಅಕ್ಕ.

"ಹೂಂ ರೀ, ತಡ್ಕಳಾಕೇ ಆಗಲ್ಲ," ಅಂದರು ಅವರು.

ಆಗ ಮಾಗಿಯ ಚಳಿ. ನಾನು ಮಫ್ಲರ್ ಸುತ್ತಿಕೊಂಡಿದ್ದೆ.

ಶಾಸ್ತ್ರಕ್ಕೆ

ಹದಿನೈದು ದಿನಕ್ಕೆ ಅಕ್ಕನ ಪಾದ ಬಾತು ಚಪ್ಪಲಿ ಹಿಡಿಯದಾಯಿತು. ಭಾವನನ್ನೂ ಕರೆದುಕೊಂಡು ದಾವಣಗೆರೆ ಬಸ್ಸು ಹತ್ತಿಸಿದೆ. ಆಸ್ಪತ್ರೆಯ ಎಕೋ ಕೋಣೆಯ ಮುಂದೆ ಕೂತಿದ್ದೆವು. ಬಾಗಿಲು ತೆರೆಯಿತು. ಫೈಲು ಹಿಡಿದು ಹೊರಬಂದವರು ಹುಡುಗನ ತಾಯಿ!

"ಪಕ್ಕದ ಮನೆಯೋರನ್ನ ಮಾತಾಡ್ಸಾಕೆ ಬಂದಿದ್ದೆ," ಅಂದರು ಅವರು.

"ನಮ್ಮ ತಮ್ಮನಿಗೆ ಎದೆನೋವು, ಪಾಪ," ಅಂದಳು ಅಕ್ಕ, ನನ್ನ ಬೆನ್ನು ಸವರುತ್ತ.

ನರ್ಸು ಹೊರಗೆ ಇಣುಕಿ, "ನ್ಯಾಮತಿ ಅಮ್ಮಾರು ಎಕೋಗೆ ಒಳಗೆ ಬರ್ರಿ! ಚನ್ನಗಿರಿ ಅಮ್ಮಾರೆ, ನಿಮ್ಮ ಎಕೋ ರಿಪೋರ್ಟು ಬಿಟ್ಟು ಹೊಂಟ್ರಲ್ಲ!" ಎಂದು ಕೂಗಿದಳು.

ಇಬ್ಬರ ರಿಪೋರ್ಟೂ ಒಂದೇ: ಸ್ನಾಯು ಬಿಗಿದಿದೆ, ಸಡಿಲಾಗಿ ರಕ್ತ ತುಂಬಿಸಿಕೊಳ್ಳುತ್ತಿಲ್ಲ. "ಮಾತ್ರೆ ತಪ್ಪಿಸಬೇಡಿ, ಸಕ್ಕರೆ ಏರಿಸಿಕೊಂಡರೆ ಉಳಿಯೋದು ಕಷ್ಟ. ಮಕ್ಕಳ ರಕ್ತಾನೂ ಪರೀಕ್ಷೆ ಮಾಡಿಸಿ," ಎಂದರು ಡಾಕ್ಟರು.

ಇಬ್ಬರೂ ಬೆಂಚಿನ ಮೇಲೆ ಕೂತು ಅತ್ತರು.

"ನಮ್ಮವ್ವನ ಬೆರಳು ಎತ್ತು ತುಳಿದಿದ್ದಲ್ರೀ," ಅಂದಳು ಅಕ್ಕ.

"ನಮ್ಮಪ್ಪನ ಕಾಲು ಹೋಗಿದ್ದೂ ಮುಳ್ಳು ಚುಚ್ಚಿ ಅಲ್ಲ ಬಿಡ್ರೀ. ಇನ್ನು ಮುಚ್ಚಿಡಾಕೆ ಏನೈತೆ? ಸಂಬಂಧ ಮಾಡೇ ಬಿಡಾಣ," ಅಂದರು ಹುಡುಗನ ತಾಯಿ.

ಎತ್ತು ತುಳಿದಿದ್ದಲ್ಲ ಎಂಬುದು ಅವ್ವ ಸತ್ತಾಗಿನಿಂದ ಅಕ್ಕನ ಬಾಯಲ್ಲಿ ನಾನು ಕೇಳಲು ಕಾದಿದ್ದ ಮಾತು. ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡಿದರೆ ಭಾವ ಕ್ಯಾಂಟೀನಿನಿಂದ ಸಕ್ಕರೆ ಪೊಟ್ಟಣ ತರುತ್ತಿದ್ದ. ಸಂಬಂಧ ಕುದುರಿದರೆ ಬೀಗರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಬೇಕಲ್ಲ! ಎಕೋ ಕೋಣೆಯ ಮುಂದೆಯೇ ಹಾಕಿದರು.

"ನಿಮ್ಮ ಬುದ್ಧಿಗಿಷ್ಟು!" ಎಂದು ಬೈಯಲು ಬಾಯಿ ತೆರೆದೆ.

"ಶಾಸ್ತ್ರಕ್ಕೆ ಕಣೋ," ಎಂದು ಅಕ್ಕ ಪೊಟ್ಟಣದಲ್ಲಿ ಉಳಿದ ಸಕ್ಕರೆಯನ್ನೆಲ್ಲ ನನ್ನ ಬಾಯಿಗೆ ಸುರಿದಳು.